ನಿರರ್ಥಕನಾಮವಾದದ ಖಂಡನೆ

ಯಂತ್ರಕ್ಕಾಗಲಿ, ತಂತ್ರಾಂಶಕ್ಕಾಗಲಿ, ಹೊಸದಾಗಿ ಹುಟ್ಟಿ ಪೇಟೆಗೆ ಬರುವ ಬೇರಾವ ಸಾಧನಕ್ಕಾಗಲಿ ಇಡುವ ಹೆಸರಿಗೆ ಅರ್ಥವೆಂಬುದು ಬೇಕಾಗಿಯೇ ಇಲ್ಲ, ಅದು ಕಿವಿಗೆ ಚುರುಕಾಗಿ ಕೇಳಿಸಿ ನಾಲಗೆಯ ಮೇಲೆ ಸಲೀಸಾಗಿ ಹೊರಳಿದರೆ ಸಾಕು, ಅರ್ಥವುಳ್ಳ ಹೆಸರು, ಅದರಲ್ಲಿಯೂ ಕನ್ನಡದ ಅರ್ಥವುಳ್ಳ ಹೆಸರು, ಸರಕಿಗೆ ಭಾರವೇ ಹೊರತು ಬಲವಲ್ಲ ಎಂಬ ಅಭಿಪ್ರಾಯವು ಇಂದು ನಮ್ಮ ನಾಡಿನಲ್ಲಿ ಸಿದ್ಧಾಂತದ ಪದವಿಗೇರಿ ಕುಳಿತಿದೆ. ಬೆಂಗಳೂರಿನ ಉದ್ಯಮಿಗಳು ಇದನ್ನು ಬಾಯಿಬಿಟ್ಟು ಹೇಳುವರು. ಸರ್ಕಾರದ ಇಲಾಖೆಗಳು ಹೇಳದೆಯೇ ಅದರಂತೆ ನಡೆಯುವುವು. ಕನ್ನಡವನ್ನು ಪ್ರೀತಿಸುವ ವಿದ್ಯಾವಂತರಲ್ಲಿಯೂ ಅನೇಕರು ‘ಹೆಸರಿನಲ್ಲೇನಿದೆ’ ಎಂದು ಕೇಳಿ, ಕೇಳಿದ್ದೇ ಉತ್ತರವಾಯಿತೆಂಬ ತೃಪ್ತಿಯಿಂದ ಸುಮ್ಮನಾಗುವರು. ಶ್ರೀರಂಗಪಟ್ಟಣದ ಮಗ್ಗುಲಿನ ಬಾಬುರಾಯನಕೊಪ್ಪಲಿನಂಥ ಊರಿನಲ್ಲಿದ್ದುಕೊಂಡು, ಹೊರಗಿನಿಂದ ಬರುವ ಬೀಜ, ಯಂತ್ರ, ಕಾಗದಪತ್ರಗಳ ಹೆಸರುಗಳು ಇಲ್ಲಿಯ ಜನರ ಬಾಯಲ್ಲಿ ಏನಾಗುವುವೆಂಬುದನ್ನು ಲಕ್ಷ್ಯವಿಟ್ಟು ಕೇಳುತ್ತ ಬಂದಿರುವ ನನಗೆ ಈ ಸಿದ್ಧಾಂತವು ಚರಿತ್ರೆಯನ್ನು ನೋಡದವರು ಕಟ್ಟಿದ್ದೆಂದೂ, ಅದರಿಂದ ಆಗುತ್ತಿರುವ ಹಾನಿ ಬಡವರ ಪಾಲಿಗೆ ಬೀಳುತ್ತಿದೆಯೆಂದೂ ಖಚಿತವಾಗಿ ತೋರಿರುವುದರಿಂದ, ಅದನ್ನು ಇಲ್ಲಿ ಖಂಡಿಸಲು ಹೊರಟಿದ್ದೇನೆ.

ಈ ವಾದಿಗಳು ಮೊದಲು ಎತ್ತಿ ತೋರಿಸುವ ಉದಾಹರಣೆ ಕೊಡಾಕ್. ಅಮೆರಿಕದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ತನ್ನ ಕ್ಯಾಮರಾಕ್ಕೆ ಈ ಹೆಸರನ್ನಿಟ್ಟಾಗ, ಅದು ಚಿಕ್ಕದಾಗಿರಬೇಕು, ಉಚ್ಚಾರಣೆಯಲ್ಲಿ ಕೆಡಬಾರದು, ಬೇರಾವ ಪದವನ್ನೂ ಹೋಲಬಾರದು ಎಂಬ ನಿಯಮಗಳನ್ನು ತಾನೇ ವಿಧಿಸಿಕೊಂಡು, ಯಾವ ಭಾಷೆಗೂ ಸೇರದ ಶಬ್ದವೊಂದನ್ನು ನಿರ್ಮಿಸಿದನೆಂಬುದು ನಿಜ. ಆ ಶಬ್ದ ಲೋಕವನ್ನೆಲ್ಲ ವ್ಯಾಪಿಸಿತೆಂಬುದೂ ನಿಜ. ಆದರೆ ಆ ಬರಿದಾದ ಶಬ್ದದೊಳಕ್ಕೆ ಅರ್ಥವನ್ನು ತುಂಬುವುದಕ್ಕಾಗಿ ಆತನ ಸಂಸ್ಥೆ ದಶಕಗಳ ಕಾಲ ಜಾಹೀರಾತಿಗೆ ಸುರಿದ ಹಣವನ್ನು ಇವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅರ್ಥಶೂನ್ಯವಾದ ಹೆಸರನ್ನಿಟ್ಟು ಗೆಲ್ಲುವುದು ಧನವಂತನಿಗೆ ಮಾತ್ರ ಸಾಧ್ಯವಾದ ವಿಲಾಸ. ಮದ್ದೂರಿನಲ್ಲಿಯೋ ನಾಗಮಂಗಲದಲ್ಲಿಯೋ ಒಂದು ಸಣ್ಣ ಉಪಕರಣವನ್ನು ಮಾಡಿ ಮಾರಹೊರಟವನಿಗೆ, ಭಾಷೆಯು ಸಾವಿರಾರು ವರ್ಷಗಳಿಂದ ಕೂಡಿಟ್ಟು ಉಚಿತವಾಗಿ ಕೊಡುತ್ತಿರುವ ಅರ್ಥವೇ ಇರುವ ಒಂದೇ ಬಂಡವಾಳ. ಅದನ್ನು ಬಿಸುಟು ಬಾ ಎಂದು ಅವನಿಗೆ ಉಪದೇಶಿಸುವವರು ಅವನ ಹಿತೈಷಿಗಳಲ್ಲ.

ಇನ್ನು ಕೊಡಾಕ್ ಒಂದನ್ನು ಬಿಟ್ಟರೆ, ಇವರು ಅರ್ಥಹೀನವೆಂದು ಹೊಗಳುವ ಹೆಸರುಗಳಲ್ಲಿ ಬಹುಪಾಲು ಅರ್ಥಹೀನವೇ ಅಲ್ಲ. ತಾಲ್ಲೂಕು ಕಚೇರಿಯ ಇದಿರಿನ ಪ್ರತಿಯೊಂದು ಅಂಗಡಿಯ ಹಲಗೆಯ ಮೇಲೂ ಕಾಣುವ ಜೆರಾಕ್ಸ್ ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ಅದರ ಮೂಲ ಒಣಗಿದ್ದು ಎಂಬರ್ಥದ ಗ್ರೀಕ್ ಪದ. ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಮೊದಲು ಸಾಧಿಸಿದ ನಕಲು ತೆಗೆಯುವ ವಿಧಾನದಲ್ಲಿ ದ್ರವರಾಸಾಯನಿಕಗಳ ಸ್ನಾನವೇ ಇರಲಿಲ್ಲವಾದ್ದರಿಂದ, ಆ ವಿಧಾನಕ್ಕೆ ಒಣಬರಹವೆಂಬ ತಾತ್ಪರ್ಯದ ಗ್ರೀಕ್ ಹೆಸರನ್ನು ಸೂಚಿಸಿದವರು ಪ್ರಾಚೀನ ಭಾಷೆಗಳ ಒಬ್ಬ ಪ್ರಾಧ್ಯಾಪಕರು. ಯಂತ್ರಶಾಸ್ತ್ರಜ್ಞರು ಹೆಸರಿಗಾಗಿ ಭಾಷಾಪಂಡಿತನ ಬಾಗಿಲಿಗೆ ಹೋದರೆಂಬ ಈ ಸಂಗತಿಯನ್ನು ನಮ್ಮ ಉದ್ಯಮಿಗಳು ಮನನಮಾಡಬೇಕು. ರೋಬೋ ಎಂಬುದು 1920ರಲ್ಲಿ ಕಾರೆಲ್ ಚಾಪೆಕ್ ಬರೆದ ಚೆಕ್ ನಾಟಕದಿಂದ ಬಂದದ್ದು. ಅಲ್ಲಿ ಆ ಪದದ ಹಿಂದಿರುವುದು ಜಮೀನುದಾರನಿಗೆ ಸಲ್ಲಿಸಬೇಕಾಗಿದ್ದ ಬಿಟ್ಟಿ ದುಡಿಮೆ. ಇನ್ನು ಜಾವಾ: 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗಿ, ನಮ್ಮ ಹೆದ್ದಾರಿಯ ಮೇಲೆ ಗುಡುಗಿಕೊಂಡು ಓಡಾಡಿದ ಆ ಬೈಕಿನ ಹೆಸರು ಬರಿಯ ಝೇಂಕಾರವೆಂದು ಬಗೆದವರು ಹಲವರು; ಅದಾದರೋ ಯಾನೆಚೆಕ್ ಎಂಬ ಸ್ಥಾಪಕನ ಹೆಸರಿನ ಮತ್ತು ಆತನು ಪರವಾನಗಿ ಪಡೆದ ವಾಂಡರರ್ ಎಂಬ ಯಂತ್ರದ ಹೆಸರಿನ ಮೊದಲಕ್ಷರಗಳ ಸಂಯೋಗ. ಅದೇ ಕಾರ್ಖಾನೆ ಮುಂದೆ ತನ್ನ ಬೈಕಿಗೆ ಯೆಜ್ದಿ ಎಂದು ಹೆಸರಿಟ್ಟಾಗ ಅದರಲ್ಲಿ ಇರಾನಿನ ಯಜ್ದ್ ನಗರದ ಸ್ಮರಣೆಯಿತ್ತು.

ಹೀಗೆ ಅನ್ಯರ ಹೆಸರುಗಳಲ್ಲಿ ಅರ್ಥವಿದೆ. ಆದರೆ ಅವರ ಭಾಷೆ ನಮ್ಮದಲ್ಲವಾದ್ದರಿಂದ ನಮಗದು ಕೇಳಿಸುವುದಿಲ್ಲ. ನಮಗೆ ಕೇಳಿಸದ್ದನ್ನು ಇಲ್ಲವೆಂದು ತಿಳಿದು, ಆ ಇಲ್ಲದಿರುವಿಕೆಯನ್ನೇ ಆಧುನಿಕತೆಯ ಲಕ್ಷಣವೆಂದು ಭ್ರಮಿಸಿ, ನಮ್ಮ ಸಾಧನಗಳಿಗೆ ನಮ್ಮವರಿಗೇ ತಿಳಿಯದ ಹೆಸರನ್ನಿಡುವುದನ್ನು ಪ್ರಗತಿಯೆಂದು ಕರೆಯುತ್ತಿದ್ದೇವೆ. ಕಿವುಡನ್ನು ಸಿದ್ಧಾಂತವನ್ನಾಗಿ ಮಾಡಿಕೊಳ್ಳುವುದು ಇದಕ್ಕಿಂತ ಹೆಚ್ಚಾಗಿ ಇನ್ನೆಲ್ಲಿಯೂ ನಡೆದಿರಲಾರದು.

ಕನ್ನಡದ ನೆಲದಲ್ಲಿ ಇದಕ್ಕೆ ವಿರುದ್ಧವಾದ ಪರಂಪರೆಯೊಂದಿತ್ತು. ಅದರ ಅತ್ಯುನ್ನತವಾದ ನಿದರ್ಶನ ನಮ್ಮ ಊರಿಗೆ ಕೂಗಳತೆಯ ದೂರದಲ್ಲಿಯೇ ಎನ್ನಬಹುದಾದ ಮೈಸೂರಿನಲ್ಲಿ ಹುಟ್ಟಿತು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಸಣ್ಣದೊಂದು ಪ್ರಸಾರಯಂತ್ರವನ್ನು ಸ್ಥಾಪಿಸಿ, ತಮ್ಮ ಸ್ವಂತ ಉತ್ಸಾಹದ ಬಲದಿಂದಲೇ ನಿಲಯವೊಂದನ್ನು ನಡೆಯಿಸತೊಡಗಿದರು. ಆ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರು. ಕೇರಳದಲ್ಲಿ ಹುಟ್ಟಿ, ಕನ್ನಡವನ್ನು ಕಲಿತು, ಕನ್ನಡದ ಹಾಸ್ಯಸಾಹಿತ್ಯಕ್ಕೆ ಹೊಸ ಜೀವ ಕೊಟ್ಟ ಮಹನೀಯರು ಅವರು. ಪದಗಳ ಅರ್ಥವನ್ನು ತಿರುಗುಮುರುಗು ಮಾಡಿ ‘ಅನರ್ಥಕೋಶ’ವನ್ನು ರಚಿಸಿದ ಅದೇ ಲೇಖನಿಯಿಂದ ಇಷ್ಟು ಸಾರ್ಥಕವಾದ ಹೆಸರು ಹೊರಟಿತೆಂಬುದರಲ್ಲಿ ಅಚ್ಚರಿಯೇನೂ ಇಲ್ಲ, ಏಕೆಂದರೆ ಅರ್ಥವನ್ನು ಕೆಡಿಸಿ ನಗಿಸುವುದಕ್ಕೂ ಅರ್ಥದ ನಾಡಿಯನ್ನು ಬಲ್ಲವನೇ ಬೇಕು.

ಆ ಹೆಸರು ಮಾಡಿದ ಕೆಲಸವನ್ನು ಸ್ವಲ್ಪ ವಿವೇಚಿಸೋಣ. ತಂತಿಯಿಲ್ಲದೆ ಬರುವ ಧ್ವನಿ, ಮಾತನಾಡುವವನು ಕಾಣದ ಮಾತು, ಅಂದಿನ ಗ್ರಾಮವಾಸಿಗೆ ಭಯವನ್ನೋ ಸಂಶಯವನ್ನೋ ಹುಟ್ಟಿಸಬಹುದಾಗಿದ್ದ ವಸ್ತು. ಆದರೆ ಹರಿಕಥೆಯಲ್ಲಿ, ಬಯಲಾಟದಲ್ಲಿ, ಅಜ್ಜಿ ಹೇಳಿದ ಕಂಸನ ಕಥೆಯಲ್ಲಿ, ಆಕಾಶದಿಂದ ಬಂದ ಅಶರೀರವಾಣಿಯನ್ನು ಅವನು ನೂರು ಸಲ ಕೇಳಿದ್ದನು. ಆ ವಾಣಿಗೆ ಮೈಯಿಲ್ಲ, ಅದು ಎಲ್ಲರಿಗೂ ಒಮ್ಮೆಗೇ ಕೇಳಿಸುವುದು, ಅದು ನುಡಿದದ್ದು ಸುಳ್ಳಾಗದು ಎಂಬ ಮೂರು ಸಂಗತಿಗಳನ್ನೂ ಬಲ್ಲವನಾಗಿದ್ದನು. ರೇಡಿಯೋ ಎಂದರೇನೆಂಬುದನ್ನು ವಿವರಿಸಲು ಪುಟಗಟ್ಟಲೆ ಬರೆಯಬೇಕಾಗಿದ್ದ ಸ್ಥಳದಲ್ಲಿ ಒಂದೇ ಪದವು ವಿವರಣೆಯನ್ನೂ ಪರಿಚಯವನ್ನೂ ವಿಶ್ವಾಸವನ್ನೂ ಏಕಕಾಲದಲ್ಲಿ ತಂದುಕೊಟ್ಟಿತು. ಅಷ್ಟೇ ಅಲ್ಲ, ಸುಳ್ಳಾಡದ ವಾಣಿಯೆಂಬ ಹೊಣೆಯನ್ನು ನಿಲಯದ ಮೇಲೆಯೇ ಹೊರಿಸಿತು. 1950ರ ದಶಕದಲ್ಲಿ ಭಾರತ ಸರ್ಕಾರದ ಪ್ರಸಾರಸಂಸ್ಥೆ ಮೈಸೂರಿನ ಈ ಹೆಸರನ್ನು ತನ್ನದಾಗಿ ಸ್ವೀಕರಿಸಿದುದೂ, 2023ರಲ್ಲಿ ಇಂಗ್ಲಿಷ್ ಹೆಸರನ್ನು ಬಿಟ್ಟು ಇದೊಂದನ್ನೇ ಬಳಸಬೇಕೆಂದು ತೀರ್ಮಾನಿಸಿದುದೂ ಎಲ್ಲರೂ ಬಲ್ಲ ವಿಷಯ. ಅರ್ಥವು ಸರಕಿಗೆ ಭಾರವೆನ್ನುವವರು, ಒಂಟಿಕೊಪ್ಪಲಿನ ಮನೆಯೊಂದರಿಂದ ಹೊರಟು ಇಡೀ ದೇಶವನ್ನು ತುಂಬಿದ ಈ ಹೆಸರಿಗೆ ಯಾವ ಸಮಾಧಾನವನ್ನು ಹೇಳುವರು?

ಇನ್ನೂ ಹಿಂದಕ್ಕೆ ಹೋಗುವುದಾದರೆ ಶ್ರೀರಂಗಪಟ್ಟಣದ ಕೋಟೆಯೇ ಸಾಕ್ಷಿ ಹೇಳುತ್ತದೆ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯದವರು ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ತುಂಬಿ, ಬಿದಿರಿನ ಗಳುವಿಗೆ ಬಿಗಿದು ಹಾರಿಸುತ್ತಿದ್ದ, 1780ರ ಪೊಳ್ಳಿಲೂರಿನ ಕದನದಲ್ಲಿ ಆಂಗ್ಲರನ್ನು ದಿಗ್ಭ್ರಮೆಗೊಳಿಸಿದ, 1799ರ ಅನಂತರ ಇಂಗ್ಲೆಂಡಿಗೆ ಸಾಗಿ ಕಾಂಗ್ರೀವ್ ಎಂಬ ಆಂಗ್ಲನ ರಾಕೆಟ್ ಪ್ರಯೋಗಗಳಿಗೆ ಮಾದರಿಯಾದ ಆ ಅಸ್ತ್ರವನ್ನು ಕನ್ನಡವೂ ಈ ದೇಶದ ಇತರ ಭಾಷೆಗಳೂ ‘ಬಾಣ’ವೆಂದೇ ಕರೆದುವು. ಬಿಲ್ಲಿಲ್ಲ, ಹೆದೆಯಿಲ್ಲ, ಆದರೂ ಬಿಟ್ಟ ಸ್ಥಳದಿಂದ ಹಾರಿ ದೂರದ ಗುರಿಯನ್ನು ತಾಕುವ ಕೆಲಸ ಒಂದೇ ಆಗಿರುವುದರಿಂದ ಹಳೆಯ ಹೆಸರೇ ಹೊಸ ವಸ್ತುವಿಗೆ ಸಂದಿತು. ಆ ಅಸ್ತ್ರ ಹೋಗಿ ಇನ್ನೂರು ವರ್ಷಗಳ ಮೇಲಾದರೂ, ಜಾತ್ರೆಯ ರಾತ್ರಿ ಬಾಣಬಿರುಸನ್ನು ನೋಡಲು ಹೊರಡುವ ನಮ್ಮ ಮಕ್ಕಳ ಬಾಯಲ್ಲಿ ಹೆಸರು ಉಳಿದಿದೆ.

ಮಂಡ್ಯ ಜಿಲ್ಲೆಯವರಿಗೆ ಇದಕ್ಕಿಂತಲೂ ಹತ್ತಿರದ ಉದಾಹರಣೆ ರಾಗಿಯದು. ತಳಿಯೂ ಒಂದು ತಂತ್ರಜ್ಞಾನದ ಉತ್ಪನ್ನವೇ ಎಂಬುದನ್ನು ಮರೆಯಬಾರದು. ಬಿತ್ತನೆಯ ಕಾಳಿನೊಳಗೆ ಒಬ್ಬ ವಿಜ್ಞಾನಿಯ ಹಲವು ವರ್ಷಗಳ ಶ್ರಮ ಅಡಗಿರುತ್ತದೆ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿಸಂಶೋಧನಾ ಕ್ಷೇತ್ರದಲ್ಲಿ ತಪಸ್ಸಿನಂತೆ ದುಡಿದು, ಜನರಿಂದ ‘ರಾಗಿ ಲಕ್ಷ್ಮಣಯ್ಯ’ ಎಂಬ ಬಿರುದನ್ನು ಪಡೆದ ವಿಜ್ಞಾನಿಯು ತಾವು ಬೆಳೆಸಿದ ತಳಿಗಳಿಗೆ ಇಟ್ಟ ಹೆಸರುಗಳು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ. ಮುಂದೆ ಅವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಬೆರೆಸಿ ಇಳುವರಿಯನ್ನು ಬಹುವಾಗಿ ಹೆಚ್ಚಿಸಿದ ತಳಿಗಳನ್ನು ತಂದಾಗ ‘ಇಂಡಾಫ್’ ಎಂದರು. ಅದರಲ್ಲಿಯೂ ಎರಡು ಭೂಖಂಡಗಳ ವಂಶಾವಳಿ ಎರಡು ಅಕ್ಷರಗಳಲ್ಲಿ ನಿಂತಿದೆ. ಅವರಿಗೆ ತಮ್ಮ ಬೀಜ ಯಾರ ಕೈಗೆ ಹೋಗುವುದೆಂಬುದು ಗೊತ್ತಿತ್ತು. ಓದುಬಾರದವನೂ ಮಳೆಗಾಲದ ಮೊದಲು ಅಂಗಡಿಯ ಮುಂದೆ ನಿಂತು ತಪ್ಪದೆ ಕೇಳಿ ಪಡೆಯಬಹುದಾದ ಹೆಸರನ್ನು ಅವರು ಕೊಟ್ಟರು.

ಇಂದು ಅದೇ ಅಂಗಡಿಯಲ್ಲಿ ದೊರೆಯುವುದು ಜಿ.ಪಿ.ಯು. 28, ಎಂ.ಆರ್. 6, ಎಂ.ಎಲ್. 365, ಭತ್ತವಾದರೆ ಎಂ.ಟಿ.ಯು. 1001, ಐ.ಆರ್. 64. ಇವು ಉತ್ತಮವಾದ ತಳಿಗಳೇ, ಜಿ.ಪಿ.ಯು. 28 ಬೆಂಕಿರೋಗವನ್ನು ತಡೆದುಕೊಂಡು ಬೆಳೆಯುವುದರಿಂದ ರೈತರು ಅದನ್ನು ಮೆಚ್ಚಿದ್ದಾರೆ. ಆದರೆ ಪ್ರಯೋಗಶಾಲೆಯ ದಫ್ತರದಲ್ಲಿ ಇರಬೇಕಾದ ಗುರುತನ್ನೇ ಹೊಲದವರೆಗೆ ಕಳುಹಿಸಿಕೊಟ್ಟು, ಅಂಕಿಯೊಂದು ತಪ್ಪಿದರೆ ತಳಿಯೇ ಬದಲಾಗುವ ಭಾರವನ್ನು ರೈತನ ನೆನಪಿನ ಮೇಲೆ ಹೊರಿಸಿರುವುದು ಯಾವ ನ್ಯಾಯ? ರೋಗವನ್ನು ತಡೆಯುವ ಗುಣವೇ ಹೆಸರಿನಲ್ಲಿದ್ದಿದ್ದರೆ ಆ ಗುಣ ಕೃಷಿ ಅಧಿಕಾರಿಯ ಭಾಷಣಕ್ಕೆ ಕಾಯದೆ ತಾನೇ ಊರೂರಿಗೆ ಹೋಗುತ್ತಿತ್ತು. ವಿ.ಸಿ. ಫಾರಂನಿಂದಲೇ ಬಂದ ವಿ.ಸಿ.ಎಫ್. 0517 ಎಂಬ ಕಬ್ಬಿಗೆ ‘ಬಾಹುಬಲಿ’ ಎಂಬ ಹೆಸರು ಬಳಕೆಗೆ ಬಂದಿರುವುದನ್ನು ನೋಡಿದರೆ, ಅಕ್ಷರಾಂಕಗಳ ಗುರುತಿನಿಂದ ಜನಕ್ಕೆ ತೃಪ್ತಿಯಿಲ್ಲವೆಂಬುದು ಯಾರಿಗಾದರೂ ಮನವರಿಕೆಯಾಗುತ್ತದೆ.

ಈಗ ಸರ್ಕಾರದ ತಂತ್ರಾಂಶಗಳ ವಿಷಯಕ್ಕೆ ಬರುತ್ತೇನೆ. ನನ್ನ ಆಕ್ಷೇಪಣೆಯ ಮುಖ್ಯವಾದ ಗುರಿ ಅಲ್ಲಿಯೇ ಇದೆ. ಈ ಶತಮಾನದ ಆರಂಭದಲ್ಲಿ ಕಂದಾಯ ಇಲಾಖೆಯು 67 ಲಕ್ಷ ರೈತರ 2 ಕೋಟಿಯಷ್ಟು ಭೂದಾಖಲೆಗಳನ್ನು ಗಣಕೀಕರಿಸಿ, ಕೈಬರಹದ ಪಹಣಿಯ ಕಾಲವನ್ನು ಮುಗಿಸಿದ ಯೋಜನೆಗೆ ‘ಭೂಮಿ’ ಎಂದು ಹೆಸರಿಟ್ಟಿತು. ಈ ಹೆಸರಿಗೆ ವ್ಯಾಖ್ಯಾನ ಬೇಡ. ಅಳತೆಯ ಕೆಲಸಕ್ಕೆ ಬಂದ ತಂತ್ರಾಂಶಕ್ಕೆ ಹಳೆಯ ಕಂದಾಯಭಾಷೆಯ ‘ಮೋಜಿಣಿ’ಯನ್ನೇ ಇಟ್ಟರು, ಹಣಕಾಸಿನದಕ್ಕೆ ‘ಖಜಾನೆ’ ಎಂದರು. ಇವುಗಳ ಮೂಲ ಮರಾಠಿಯೋ ಪಾರಸಿಯೋ ಆಗಿರಲಿ, ತಲೆಮಾರುಗಳಿಂದ ಶ್ಯಾನುಭೋಗನ ಕಡತದಲ್ಲಿಯೂ ಒಕ್ಕಲಿಗನ ಬಾಯಲ್ಲಿಯೂ ಪಳಗಿ ಕನ್ನಡವೇ ಆಗಿರುವ ಮಾತುಗಳಿವು. ಸಂಸ್ಕೃತವೇ ಆಗಬೇಕು, ಅಚ್ಚಗನ್ನಡವೇ ಆಗಬೇಕು ಎಂಬ ಹಟ ನನಗಿಲ್ಲ. ಜನರಿಗೆ ತಿಳಿಯುವ ಅರ್ಥವಿರಬೇಕೆಂಬುದಿಷ್ಟೇ ನನ್ನ ವಾದ.

ಅದೇ ಸರ್ಕಾರ ನೋಂದಣಿಯ ತಂತ್ರಾಂಶಕ್ಕೆ ‘ಕಾವೇರಿ’ ಎಂದು ಹೆಸರಿಟ್ಟಿದೆ. ಕ್ರಯಪತ್ರಕ್ಕೂ ಕಾವೇರಿಗೂ ಏನು ಸಂಬಂಧ? ಕರ್ನಾಟಕ, ವ್ಯಾಲ್ಯುಯೇಷನ್, ಇ-ರಿಜಿಸ್ಟ್ರೇಷನ್ ಎಂಬ ಶಬ್ದಗಳಿಂದ ರೋಮನ್ ಅಕ್ಷರಗಳನ್ನು ಹೆಕ್ಕಿ ಜೋಡಿಸಿದಾಗ ಆ ಹೆಸರು ಹುಟ್ಟಿತೆಂಬುದರ ಹೊರತು ಬೇರೆ ಸಂಬಂಧವಿಲ್ಲ. ಯಾವ ನದಿಯ ನೀರಿಗಾಗಿ ಈ ಜಿಲ್ಲೆಯ ಜನ ಹೆದ್ದಾರಿಯ ಮೇಲೆ ಬಿಸಿಲಿನಲ್ಲಿ ಕುಳಿತರೋ, 1911ರಲ್ಲಿ ಕಟ್ಟತೊಡಗಿದ ಕನ್ನಂಬಾಡಿ ಅಣೆಕಟ್ಟಿನಲ್ಲಿ ಯಾವ ನದಿಯ ಮಟ್ಟ 124.80 ಅಡಿಗೆ ಏರಿತೇ ಎಂದು ಪ್ರತಿ ಮುಂಗಾರಿನಲ್ಲಿ ಮನೆಮನೆಯಲ್ಲಿ ವಿಚಾರಿಸುವರೋ, ಯಾವ ನದಿಗೆ ತುಲಾಸಂಕ್ರಮಣದಂದು ಪಶ್ಚಿಮವಾಹಿನಿಯಲ್ಲಿ ಮುಳುಗಿ ಕೈಮುಗಿಯುವರೋ, ಆ ಹೆಸರನ್ನು ಪರಭಾಷೆಯ ಸಂಕ್ಷೇಪಾಕ್ಷರಗಳ ಪೆಟ್ಟಿಗೆಯನ್ನಾಗಿ ಮಾಡಿ, ‘ಕಾವೇರಿ ತೆರೆಯುತ್ತಿಲ್ಲ, ನಾಳೆ ಬನ್ನಿ’ ಎಂದು ಜನ ಹೇಳಿ ಕೇಳುವ ಸ್ಥಿತಿಗೆ ತಂದವರಿಗೆ ಪದದ ಮೇಲೆ ಗೌರವವಿತ್ತೆಂದು ಹೇಳಲಾರೆ. ಪದದ ಅರ್ಥವನ್ನು ಬಳಸಿಕೊಳ್ಳದೆ ಅದರ ಪ್ರತಿಷ್ಠೆಯನ್ನು ಮಾತ್ರ ಬಳಸಿಕೊಳ್ಳುವುದು ಒಂದು ಬಗೆಯ ಅಪಹರಣ.

ರೈತರ ನೋಂದಣಿಯ ತಂತ್ರಾಂಶವನ್ನು ‘ಫ್ರೂಟ್ಸ್’ ಎಂದು ಕರೆದಿರುವುದು ಇದಕ್ಕಿಂತಲೂ ಶೋಚನೀಯ. ಇದೂ ಇಂಗ್ಲಿಷಿನ ಉದ್ದ ಹೆಸರೊಂದರ ಅಕ್ಷರಗಳನ್ನು ಕೂಡಿಸಿ ಮಾಡಿದ್ದು. ರಾಗಿ ಬೆಳೆಯುವವನೂ, ಕಬ್ಬು ಬೆಳೆಯುವವನೂ, ರೇಷ್ಮೆ ಸಾಕುವವನೂ ಸಹಾಯಧನಕ್ಕಾಗಿ ಈ ಹಣ್ಣಿನ ಹೆಸರಿನಡಿಯಲ್ಲಿ ಸಂಖ್ಯೆಯನ್ನು ಪಡೆಯಬೇಕು. ಇಂಗ್ಲಿಷ್ ಬಾರದವನಿಗೆ ಅದು ಶೂನ್ಯ. ಅಲ್ಪಸ್ವಲ್ಪ ಬಲ್ಲವನಿಗೆ ಅದು ತೋಟಗಾರಿಕೆಯ ಯೋಜನೆ. ಪೂರ್ತಿಯಾಗಿ ಬಲ್ಲವನಿಗೂ ಅದರ ಕೆಲಸವೇನೆಂದು ಹೆಸರಿನಿಂದ ತಿಳಿಯದು. ಮೂವರಿಗೂ ಪ್ರಯೋಜನವಿಲ್ಲದ ಹೆಸರನ್ನು, ರೈತನೊಬ್ಬನಿಗಾಗಿಯೇ ಕಟ್ಟಿದ ಸಾಧನಕ್ಕೆ, ಕನ್ನಡದ ಸರ್ಕಾರವೇ ಇಟ್ಟಿದೆ. ಅರ್ಥ ಬೇಡವೆಂಬ ಸಿದ್ಧಾಂತವು ಕಟ್ಟಕಡೆಗೆ ತಂದು ನಿಲ್ಲಿಸುವುದು ಇಲ್ಲಿಗೇ.

ಹೆಸರು ಜನರ ಮನಸ್ಸಿನಲ್ಲಿ ಏನೂ ಮಾಡುವುದಿಲ್ಲವೆನ್ನುವವರು ‘ನೆಮ್ಮದಿ’ ಕೇಂದ್ರಗಳನ್ನು ನೆನೆಯಲಿ. 2006ರ ಸುಮಾರಿನಲ್ಲಿ ಹೋಬಳಿಗಳಲ್ಲಿ ತೆರೆದ ಆ ಕೇಂದ್ರಗಳಲ್ಲಿ ಜಾತಿ, ಆದಾಯ ಮುಂತಾದ ಪತ್ರಗಳು ದೊರೆಯುತ್ತಿದ್ದುವು. ಪತ್ರ ತಡವಾದಾಗ ಜನರು ಕೇಂದ್ರವನ್ನು ಅಳೆದದ್ದು ಅದರ ಹೆಸರಿನಿಂದಲೇ. ನೆಮ್ಮದಿಯೆಂದು ಕರೆದುಕೊಂಡವರು ನೆಮ್ಮದಿಯನ್ನು ಕೊಡಬೇಕಲ್ಲವೆ ಎಂಬ ಪ್ರಶ್ನೆಗೆ ಅಧಿಕಾರಿಗಳು ತಲೆತಗ್ಗಿಸಬೇಕಾಯಿತು. ಅರ್ಥವುಳ್ಳ ಹೆಸರು ಪ್ರಜೆಯ ಕೈಗೆ ಒಂದು ಹಕ್ಕನ್ನು ಕೊಡುತ್ತದೆ. ಅಕ್ಷರಗಳ ಗುಂಪಿಗೆ ಹೆಸರೆಂದು ಹೆಸರಿಟ್ಟರೆ ಆ ಹಕ್ಕು ಮಾಯವಾಗುವುದು. ಯಾವ ಮಾತನ್ನೂ ಕೊಡದವನನ್ನು ಮಾತಿಗೆ ತಪ್ಪಿದನೆಂದು ಹೇಗೆ ದೂರುವುದು? ಆದಕಾರಣ ಈ ನಿರರ್ಥಕವಾದವನ್ನು ನಾನು ಬರಿಯ ಅರಸಿಕತೆಯೆಂದು ತಿಳಿದಿಲ್ಲ, ಹೊಣೆಯಿಂದ ನುಣುಚಿಕೊಳ್ಳುವ ಮಾರ್ಗವೆಂದೇ ತಿಳಿದಿದ್ದೇನೆ.

ಇದಿರಾಳಿಗಳ ಮಾತಿನಲ್ಲಿ ಒಪ್ಪತಕ್ಕ ಅಂಶವೊಂದಿದೆ. ಇಂಗ್ಲಿಷ್ ಪದವನ್ನು ಇಂಚಿಂಚಾಗಿ ಸೀಳಿ, ಪ್ರತಿಯೊಂದು ತುಂಡಿಗೂ ಸಂಸ್ಕೃತದ ತುಂಡೊಂದನ್ನು ಹೊಲಿದು ತಂದ ಅನೇಕ ಪಾರಿಭಾಷಿಕಗಳು ಹುಟ್ಟುವಾಗಲೇ ನಿರ್ಜೀವವಾಗಿದ್ದುವು. ಆದರೆ ಕೆಟ್ಟದಾಗಿ ಮಾಡಿದ್ದರಿಂದ ಮಾಡಲೇಬಾರದೆಂಬ ನಿರ್ಣಯ ಬರುವುದಿಲ್ಲ. ಗಣಕವೆಂದರೆ ಪೂರ್ವದಲ್ಲಿ ಲೆಕ್ಕಮಾಡುವ ಮನುಷ್ಯನಲ್ಲವೇ, ಯಂತ್ರಕ್ಕೆ ಹೇಗೆ ಒಪ್ಪುವುದು ಎಂದು ಆಕ್ಷೇಪಿಸುವವರಿಗೆ, ಇಂಗ್ಲಿಷಿನ ಕಂಪ್ಯೂಟರ್ ಎಂಬುದೂ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಲೆಕ್ಕಮಾಡುವ ನೌಕರನ ಹೆಸರೇ ಆಗಿತ್ತೆಂದು ಉತ್ತರ ಹೇಳಬಹುದು. ಅವರ ಪದ ಮನುಷ್ಯನಿಂದ ಯಂತ್ರಕ್ಕೆ ದಾಟಬಹುದಾದರೆ ನಮ್ಮದೇಕೆ ದಾಟಬಾರದು? ಶೇಷಾದ್ರಿವಾಸು ಅವರು 1998ರಲ್ಲಿ ಕನ್ನಡ ಬೆರಳಚ್ಚಿನ ತಮ್ಮ ತಂತ್ರಾಂಶವನ್ನು ‘ಬರಹ’ವೆಂದು ಕರೆದಾಗ, ಕನ್ನಡ ಗಣಕ ಪರಿಷತ್ತು ತನ್ನದನ್ನು ‘ನುಡಿ’ಯೆಂದಾಗ, ಯಾರೂ ಅವನ್ನು ಭಾರವೆನ್ನಲಿಲ್ಲ. ಕೆ. ಪಿ. ರಾವ್ ಅವರು ತಮ್ಮದಕ್ಕೆ ಮಹಾವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥವಾಗಿ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಕಡೆಯದು ಗೌರವದಿಂದ ಬಂದ ಹೆಸರು, ಮೊದಲಿನೆರಡು ಕೆಲಸದಿಂದ ಬಂದವು. ಊರೂರಿನ ಬೆರಳಚ್ಚಿನ ಅಂಗಡಿಗಳಲ್ಲಿ ನೆಲೆನಿಂತವು ಕೆಲಸದಿಂದ ಬಂದವೇ.

ಮಾರುಕಟ್ಟೆಯ ಭೀತಿಯನ್ನು ತೋರಿಸುವವರಿಗೆ ಒಂದೇ ಮಾತು. ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯ ಕೈಗಡಿಯಾರಗಳಿಗೆ ಜನತಾ, ಕಾಂಚನ ಎಂಬ ಹೆಸರುಗಳಿದ್ದ ಕಾಲದಲ್ಲಿ ಮದುವೆಯ ಅಳಿಯನಿಗೆ ‘ಕಾಂಚನ’ವನ್ನೇ ಕೊಡಬೇಕೆಂದು ಮಾವಂದಿರು ಹುಡುಕಿಕೊಂಡು ಅಲೆದರು. ಆ ಸಂಸ್ಥೆ ಮುಂದೆ ಸೋತದ್ದು ಕೀಲಿಕೊಡುವ ಗಡಿಯಾರವನ್ನು ಕಾಲ ಮೀರಿ ನೆಚ್ಚಿಕೊಂಡದ್ದರಿಂದ, ಹೆಸರಿಗೆ ಅರ್ಥವಿದ್ದುದರಿಂದಲ್ಲ.

ಪದವಿದ್ಯೆಗೆ ಈ ಸೀಮೆಯಲ್ಲಿ ಬರಗಾಲವಿರಲಿಲ್ಲ. ಬಿ. ಎಂ. ಶ್ರೀಕಂಠಯ್ಯನವರ ಬೆಳ್ಳೂರು ನಾಗಮಂಗಲದಲ್ಲಿದೆ, ಎ. ಎನ್. ಮೂರ್ತಿರಾಯರ ಅಕ್ಕಿಹೆಬ್ಬಾಳು ಕೃಷ್ಣರಾಜಪೇಟೆಯಲ್ಲಿದೆ. ‘ಇಗೋ ಕನ್ನಡ’ ಅಂಕಣದ ಮೂಲಕ ಸಾಮಾನ್ಯ ಓದುಗನ ಪದಸಂಶಯಗಳಿಗೆ ವರ್ಷಾನುಗಟ್ಟಲೆ ಉತ್ತರವಿತ್ತ ಜಿ. ವೆಂಕಟಸುಬ್ಬಯ್ಯನವರು ತಮ್ಮ ಹೆಸರಿನ ಮೊದಲಕ್ಷರದಲ್ಲಿ ಹೊತ್ತಿದ್ದುದು ಶ್ರೀರಂಗಪಟ್ಟಣದ ಗಂಜಾಮನ್ನು. ಇಂಥವರ ಶಿಷ್ಯಪರಂಪರೆ ನಾಡಿನ ಕಾಲೇಜುಗಳಲ್ಲಿ ಇಂದಿಗೂ ಇದೆ. ತಂತ್ರಾಂಶವನ್ನು ಕಟ್ಟುವ ಇಂಜಿನಿಯರು ಅವರಲ್ಲೊಬ್ಬರನ್ನು ಕರೆದು ಒಂದು ಮಧ್ಯಾಹ್ನ ಮಾತನಾಡಿದರೆ ಕಳೆದುಕೊಳ್ಳುವುದೇನು?

ಆದ್ದರಿಂದ ನಾಡಿನ ಉದ್ಯಮಿಗಳಲ್ಲಿಯೂ ಅಧಿಕಾರಿಗಳಲ್ಲಿಯೂ ನಾನು ಬೇಡುವುದಿಷ್ಟು: ಮುಂದಿನ ಸಾಧನಕ್ಕೆ ಹೆಸರನ್ನು ಗೊತ್ತುಮಾಡುವ ಮುನ್ನ ಅದನ್ನು ಯಾವುದಾದರೂ ನಾಡಕಚೇರಿಯ ಸರದಿಯಲ್ಲಿ ನಿಂತಿರುವವರಿಗೆ ಹೇಳಿ, ಈ ಹೆಸರಿನ ವಸ್ತು ಏನು ಮಾಡೀತೆಂದು ಕೇಳಿರಿ, ಅವರು ಊಹಿಸಲಾರದೆ ಹೋದರೆ ಆ ಹೆಸರನ್ನು ಕೈಬಿಡಿರಿ. ಮತ್ತು ಸರ್ಕಾರವು ರೈತರ ನೋಂದಣಿಗೆ ಅಂಟಿಸಿರುವ ಫ್ರೂಟ್ಸ್ ಎಂಬ ಹೆಸರನ್ನು ತೆಗೆದು, ರೈತನಿಗೆ ತಿಳಿಯುವ ಕನ್ನಡದ ಹೆಸರೊಂದನ್ನು ಇಡಲಿ. ಅದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಒಂದು ಆದೇಶ ಸಾಕು.